ಲಂಡನ್ನಿನಲ್ಲಿ ಇರದದ್ದು ಲೇಗೋಸಿನಲ್ಲಿತ್ತು

ಸಾಂಕ್ರಾಮಿಕ ಎದುರಿಸಲು ಯಾವ ದೇಶ ಎಷ್ಟು ಸಿದ್ಧ ಎಂದು ಅಳೆಯುವ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ 2019ರ ಅಕ್ಟೋಬರಿನಲ್ಲಿ ಮೊದಲ ಸಲ ಪ್ರಕಟವಾದಾಗ ಪಟ್ಟಿಯಲ್ಲಿ ಅಮೆರಿಕ ಮೊದಲು, ನಾನಿರುವ ಬ್ರಿಟನ್ ಎರಡನೆಯದು. ಐದು ತಿಂಗಳು ಕಳೆಯುವಷ್ಟರಲ್ಲಿ, 2020ರ ಮಾರ್ಚ್ 12ರಂದು, ಬ್ರಿಟನ್ ಆಸ್ಪತ್ರೆಯ ಹೊರಗೆ ಕೋವಿಡ್ ಪರೀಕ್ಷೆಯನ್ನೂ ಸಂಪರ್ಕಿತರ ಪತ್ತೆಯನ್ನೂ ಕೈಬಿಟ್ಟಿತು. ಆ ಕೆಲಸಕ್ಕೆ ಬೇಕಾದಷ್ಟು ಜನರೂ ಇರಲಿಲ್ಲ, ಪರೀಕ್ಷೆಗಳೂ ಇರಲಿಲ್ಲ. ಸರ್ಕಾರದ ವೈಜ್ಞಾನಿಕ ಸಲಹಾ ಸಮಿತಿಯ ಫೆಬ್ರವರಿ ತಿಂಗಳ ನಡಾವಳಿಯಲ್ಲೇ ಲೆಕ್ಕ ಸಿಗುತ್ತದೆ: ವಾರಕ್ಕೆ 5 ಹೊಸ ಪ್ರಕರಣ, ಅವುಗಳ ಸುತ್ತ ಪ್ರತ್ಯೇಕವಾಗಿಡಬೇಕಾದ ಸುಮಾರು 800 ಜನ. ಅಂದಿನ ಶಕ್ತಿ ಅಷ್ಟೇ. ಎಳೆದು ಹಿಗ್ಗಿಸಿದರೆ 50 ಪ್ರಕರಣ ನಿಭಾಯಿಸಬಹುದು ಎಂಬ ಅಂದಾಜಿತ್ತು.

ಇದರ ಪಕ್ಕದಲ್ಲಿ ನೈಜೀರಿಯಾದ ಲೇಗೋಸನ್ನು, 2014ರಲ್ಲಿ ಇದ್ದಂತೆ, ಇಟ್ಟು ನೋಡಬೇಕು. ಜುಲೈ 20ರಂದು ಲೈಬೀರಿಯಾದಿಂದ ಬಂದ ಪ್ರಯಾಣಿಕನೊಬ್ಬ ವಿಮಾನ ನಿಲ್ದಾಣದಲ್ಲೇ ಕುಸಿದುಬಿದ್ದ. ಮೂರು ದಿನದೊಳಗೆ ಅದು ಎಬೋಲಾ ಎಂದು ಅಲ್ಲಿನದೇ ಪ್ರಯೋಗಾಲಯ ಗುರುತಿಸಿತು. ಕೋಟಿಗೂ ಮಿಕ್ಕಿ ಜನರಿರುವ, ಕಿಕ್ಕಿರಿದ ನಗರ. ಆದರೂ ಇಡೀ ನೈಜೀರಿಯಾದಲ್ಲಿ ಪ್ರಕರಣಗಳು 20ಕ್ಕೆ, ಸಾವುಗಳು 8ಕ್ಕೆ ನಿಂತವು. ಅಕ್ಟೋಬರ್ 20ಕ್ಕೆ ದೇಶ ಎಬೋಲಾಮುಕ್ತವಾಯಿತು. ಪಟ್ಟಿ ಮಾಡಿದ ಸಂಪರ್ಕಿತರು 894 ಮಂದಿ. ಅವರನ್ನು ಮುಖತಃ ಭೇಟಿಯಾದದ್ದು ಸುಮಾರು 18,500 ಸಲ. ಎಬೋಲಾ ಸಂಪರ್ಕಿತರ ಮೇಲೆ 21 ದಿನ ನಿಗಾ ಇಡಬೇಕು; 894ನ್ನು 21ರಿಂದ ಗುಣಿಸಿದರೆ 18,774. ಅಂದರೆ ಹೆಚ್ಚುಕಡಿಮೆ ಯಾರೊಬ್ಬರನ್ನೂ ಒಂದು ದಿನವೂ ಬಿಟ್ಟಿಲ್ಲ. ತಪ್ಪಿಸಿಕೊಂಡ ಒಬ್ಬ ಸಂಪರ್ಕಿತ ಪೋರ್ಟ್ ಹಾರ್ಕೋರ್ಟ್‌ಗೆ ಹೋದ. ಅಲ್ಲಿ ಅವನಿಗೆ ಗುಟ್ಟಾಗಿ ಚಿಕಿತ್ಸೆ ಕೊಟ್ಟ ವೈದ್ಯರು ಸೋಂಕು ತಗುಲಿ ತೀರಿಕೊಂಡರು, ಆ ಊರಲ್ಲೂ ನೂರಾರು ಜನರ ಹೊಸ ಪಟ್ಟಿ ಮಾಡಬೇಕಾಯಿತು. ಒಬ್ಬನನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನೈಜೀರಿಯಾಕ್ಕೆ ಈ ಪಡೆ ಎಲ್ಲಿಂದ ಬಂತು? ಪೋಲಿಯೊದಿಂದ. ಪೋಲಿಯೊ ನಿರ್ಮೂಲನೆಗಾಗಿ 2012ರಿಂದಲೇ ಅಲ್ಲಿ ತುರ್ತು ಕಾರ್ಯಾಚರಣೆ ಕೇಂದ್ರಗಳು ನಡೆಯುತ್ತಿದ್ದವು. ದಿನವೂ ಸಭೆ, ದಿನವೂ ಲೆಕ್ಕ, ಯಾರು ಯಾರಿಗೆ ಉತ್ತರ ಕೊಡಬೇಕು ಎಂಬ ಸ್ಪಷ್ಟತೆ, ಮನೆ ಮನೆ ತಿರುಗಿ ಅಭ್ಯಾಸವಿದ್ದ ಕಾರ್ಯಕರ್ತರು. ಎಬೋಲಾ ಬಂದಾಗ ರೋಗದ ಹೆಸರು ಬದಲಾಯಿತು, ಕೆಲಸದ ಕ್ರಮ ಬದಲಾಗಲಿಲ್ಲ. ಬ್ರಿಟನ್ನಿನಲ್ಲಿ ಯೋಜನೆಗೆ ಕೊರತೆ ಇರಲಿಲ್ಲ. 2016ರ ಅಕ್ಟೋಬರಿನಲ್ಲಿ ‘ಸಿಗ್ನಸ್’ ಹೆಸರಿನಲ್ಲಿ ದೊಡ್ಡ ಇನ್‌ಫ್ಲುಯೆಂಜಾ ಅಣಕು ಕಾರ್ಯಾಚರಣೆಯೇ ನಡೆದಿತ್ತು. ತೀವ್ರ ಸಾಂಕ್ರಾಮಿಕ ಬಂದರೆ ನಮ್ಮ ಸಿದ್ಧತೆ ಸಾಲದು ಎಂದು ಅದರ ವರದಿ ಹೇಳಿತು. ಆ ವರದಿಯನ್ನು ಸರ್ಕಾರ ಸಾರ್ವಜನಿಕರ ಮುಂದಿಟ್ಟದ್ದು 2020ರ ಅಕ್ಟೋಬರಿನಲ್ಲಿ.

ಅಂತರರಾಷ್ಟ್ರೀಯ ಸಾಮರ್ಥ್ಯ ಕಟ್ಟುವ ಮಾತು ಬಂದಾಗಲೆಲ್ಲ ನನಗೆ ಈ ಎರಡು ಊರುಗಳ ಹೋಲಿಕೆ ಮುಖ್ಯ ಅನಿಸುವುದು ಇದಕ್ಕೇ. ಹಣವಿರುವ ದೇಶಗಳು ಬಡ ದೇಶಗಳಿಗೆ ಕಲಿಸುವ ಕ್ರಮ ಒಂದಿದೆ: ಕಾರ್ಯಾಗಾರ, ಯಂತ್ರ, ಅಂಕಪಟ್ಟಿ. ನೈಜೀರಿಯಾವನ್ನು ಉಳಿಸಿದ್ದು ಆ ಕ್ರಮಕ್ಕಿಂತ ಹೆಚ್ಚಾಗಿ, ರೋಗವಿಲ್ಲದ ದಿನವೂ ಸಂಬಳ ಪಡೆದು ಕೆಲಸ ಮಾಡುತ್ತಿದ್ದ ಜನ. ಪೋಲಿಯೊ ಕೇಂದ್ರಗಳಿಗೂ ಹೊರಗಿನ ಹಣ ಬಂದಿತ್ತು ನಿಜ. ಆದರೆ ಆ ಹಣ ವರ್ಷಗಟ್ಟಲೆ ಒಂದೇ ಕೆಲಸಕ್ಕೆ, ಒಂದೇ ತಂಡಕ್ಕೆ ಬಂದಿತ್ತು.

ಕಾನೂನಿನ ಚೌಕಟ್ಟು ಈಗಾಗಲೇ ಇದೆ. 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಗೆ 196 ದೇಶಗಳು ಬದ್ಧವಾಗಿವೆ. ಅನುಮಾನದ ಘಟನೆಯನ್ನು 48 ಗಂಟೆಯೊಳಗೆ ಅಳೆದು ನೋಡಬೇಕು. ಪರಿಣಾಮ ಗಂಭೀರವೇ, ಅಸಹಜವೇ, ಗಡಿ ದಾಟಬಹುದೇ, ಪ್ರಯಾಣ ಅಥವಾ ವ್ಯಾಪಾರಕ್ಕೆ ತಡೆ ಬರಬಹುದೇ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕೆ ‘ಹೌದು’ ಬಂದರೆ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಇದಕ್ಕೆ ಬೇಕಾದ ಮೂಲ ಸಾಮರ್ಥ್ಯವನ್ನು 2012ರೊಳಗೆ ಕಟ್ಟಿಕೊಳ್ಳಬೇಕೆಂಬ ಗಡುವು ಮೊದಲು 2014ಕ್ಕೆ, ಆಮೇಲೆ 2016ಕ್ಕೆ ಹೋಯಿತು. 2016ರಿಂದ ಹೊರಗಿನ ತಜ್ಞರೂ ಸೇರಿ ನಡೆಸುವ ಜಂಟಿ ಮೌಲ್ಯಮಾಪನ ಬಂತು. 19 ವಿಷಯ, ಪ್ರತಿ ಸೂಚಕಕ್ಕೆ 1ರಿಂದ 5ರವರೆಗೆ ಅಂಕ. ಒಳ್ಳೆಯ ಕೆಲಸ. ಆದರೆ ಅದು ನೋಡುವುದು ದಾಖಲೆ, ರಚನೆ, ಆದೇಶಗಳನ್ನು. ರಾತ್ರಿ ಹನ್ನೊಂದಕ್ಕೆ ತಾಲ್ಲೂಕು ಮಟ್ಟದ ಅಧಿಕಾರಿಗೆ ಫೋನ್ ಮಾಡಿದರೆ ಎತ್ತುತ್ತಾರೋ ಇಲ್ಲವೋ ಎಂಬುದು ಅಂಕದಲ್ಲಿ ಕಾಣುವುದಿಲ್ಲ.

ಕಾಣುವ ಅಳತೆಯೊಂದು 2021ರಲ್ಲಿ ಮುಂದೆ ಬಂತು, 7-1-7. ರೋಗ ಹುಟ್ಟಿದ 7 ದಿನದೊಳಗೆ ಪತ್ತೆ, ಪತ್ತೆಯಾದ 1 ದಿನದೊಳಗೆ ವರದಿ, ವರದಿಯಾದ 7 ದಿನದೊಳಗೆ ಆರಂಭಿಕ ಕ್ರಮಗಳು ಪೂರ್ಣ. ತನಿಖಾ ತಂಡ ಹೊರಡುವುದು, ಅಪಾಯದ ಅಂದಾಜು, ಪ್ರಯೋಗಾಲಯದ ದೃಢೀಕರಣ, ರೋಗಿಗಳ ಆರೈಕೆ ಮತ್ತು ಆಸ್ಪತ್ರೆಯೊಳಗಿನ ಸೋಂಕು ತಡೆ, ಲಸಿಕೆಯಂಥ ಕ್ರಮ, ಜನರೊಂದಿಗೆ ಮಾತು, ಸಮನ್ವಯ: ಆ ಆರಂಭಿಕ ಕ್ರಮಗಳೆಂದರೆ ಇವು. ಬ್ರೆಜಿಲ್, ಇಥಿಯೋಪಿಯಾ, ಲೈಬೀರಿಯಾ, ನೈಜೀರಿಯಾ, ಉಗಾಂಡಗಳ 41 ಘಟನೆಗಳನ್ನು ಈ ಅಳತೆಗೆ ಹಿಡಿದಾಗ ಮೂರೂ ಗಡುವು ಮುಟ್ಟಿದ್ದು 11 ಮಾತ್ರ. ಈ ಅಳತೆಯ ಬೆಲೆ ಇರುವುದು ಎಲ್ಲಿ ತಡವಾಯಿತು ಎಂದು ದಿನಾಂಕ ಸಮೇತ ತೋರಿಸುವುದರಲ್ಲಿ. ಹಲವು ಸಲ ಎಡವುವುದು ಮೊದಲ ಮೆಟ್ಟಿಲಲ್ಲೇ: ಜ್ವರದ ರೋಗಿಯನ್ನು ಮೊದಲು ನೋಡಿದ ದಾದಿಗೋ ವೈದ್ಯರಿಗೋ ಇದು ಬೇರೇನೋ ಇರಬಹುದು ಎಂಬ ಅನುಮಾನ ಬರುವುದಿಲ್ಲ. ಗಿನಿಯಲ್ಲಿ 2013ರ ಡಿಸೆಂಬರಿನಲ್ಲಿ ಶುರುವಾದ ಎಬೋಲಾ ಗುರುತಾದದ್ದು 2014ರ ಮಾರ್ಚಿನಲ್ಲಿ. ಮುಂದಿನದು 11,000ಕ್ಕೂ ಹೆಚ್ಚು ಸಾವು. ಕೇರಳದ ಕೋಳಿಕ್ಕೋಡಿನಲ್ಲಿ 2018ರ ಮೇ ತಿಂಗಳಲ್ಲಿ ಒಂದೇ ಮನೆಯ ಎರಡನೆಯ ರೋಗಿ ಬಂದಾಗಲೇ ವೈದ್ಯರು ಅನುಮಾನಿಸಿ ಮಾದರಿಯನ್ನು ಮಣಿಪಾಲಕ್ಕೆ ಕಳಿಸಿದರು, ನಿಪಾ ಬಯಲಾಯಿತು. ಅನುಮಾನ ಪಡುವ ವೈದ್ಯರಿಗೆ ಯಾವ ದಾನಿ ದೇಶವೂ ಅನುದಾನ ಬರೆಯುವುದಿಲ್ಲ, ಬರೆಯಬೇಕು. ಅದಕ್ಕೆ ಬೇಕಾಗಿರುವುದು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದು ರಿಜಿಸ್ಟರ್ ತಿರುವಿ ನೋಡುವ ಒಬ್ಬರು, ಮಾದರಿ ಕಳಿಸಿದವರಿಗೆ ಪರೀಕ್ಷೆಯ ಫಲಿತಾಂಶವನ್ನು ಮರಳಿ ತಿಳಿಸುವ ಪದ್ಧತಿ. ಫಲಿತಾಂಶ ವಾಪಸು ಬಾರದಿದ್ದರೆ ಎರಡನೆಯ ಸಲ ಯಾರೂ ಮಾದರಿ ಕಳಿಸುವುದಿಲ್ಲ.

ಪ್ರಯೋಗಾಲಯಗಳ ವಿಷಯದಲ್ಲಿ ನೆರವು ಹೆಚ್ಚು ಪೋಲಾಗುತ್ತದೆ. ಹೊಸ ಪಿಸಿಆರ್ ಯಂತ್ರ ಬರುತ್ತದೆ, ಉದ್ಘಾಟನೆಯಾಗುತ್ತದೆ, ಎರಡು ವರ್ಷಕ್ಕೆ ಬಟ್ಟೆ ಹೊದ್ದು ಕೂರುತ್ತದೆ. ಕಾರಣಗಳು ಎಲ್ಲ ಕಡೆ ಒಂದೇ. ಆ ಯಂತ್ರ ಅದೇ ಕಂಪನಿಯ ರೀಏಜೆಂಟ್, ಅಂದರೆ ಪರೀಕ್ಷೆಗೆ ಬೇಕಾದ ರಾಸಾಯನಿಕ, ಮಾತ್ರ ಕೇಳುತ್ತದೆ. ರೀಏಜೆಂಟ್ ಸುಂಕದ ಕಟ್ಟೆಯಲ್ಲಿ ಬಿಸಿಲಿಗೆ ಬಿದ್ದು ಕೆಡುತ್ತದೆ ಇಲ್ಲವೇ ಅವಧಿ ಮೀರುತ್ತದೆ. ಸೋಂಕು ಹೊರಗೆ ಹರಡದಂತೆ ಮಾದರಿಗಳನ್ನು ಒಳಗಿಟ್ಟು ಕೆಲಸ ಮಾಡುವ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನ ಗಾಳಿಯ ಹರಿವು ಮತ್ತು ಫಿಲ್ಟರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಪ್ರಮಾಣೀಕರಿಸಬೇಕು. ಅದನ್ನು ಮಾಡಬಲ್ಲ ತಂತ್ರಜ್ಞ ಬೇರೆ ದೇಶದಿಂದ ಬರಬೇಕು. ವಿದ್ಯುತ್ ಏರಿಳಿತಕ್ಕೆ ಸ್ಟೆಬಿಲೈಸರ್ ಬಜೆಟ್ಟಿನಲ್ಲಿ ಇರುವುದಿಲ್ಲ. ಮಾದರಿ ಸಾಗಿಸುವುದೂ ಅಷ್ಟೇ ಮುಖ್ಯ: ಸೋರದ ಒಳಡಬ್ಬಿ, ಹೀರುವ ವಸ್ತುವಿನೊಂದಿಗೆ ಎರಡನೆಯ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ, ಹೀಗೆ ಮೂರು ಪದರ, ಗಂಟಲು ದ್ರವವಾದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್, ಮೂರು ದಿನಕ್ಕಿಂತ ತಡವಾಗುವುದಾದರೆ ಮೈನಸ್ 70. ಉಗಾಂಡ ಇದನ್ನು ಸರಳವಾಗಿ ಬಿಡಿಸಿಕೊಂಡಿದೆ. ಎಚ್‌ಐವಿ ಪರೀಕ್ಷೆಗಳಿಗಾಗಿ ಕಟ್ಟಿದ ಜಾಲದಲ್ಲಿ ಮೋಟಾರ್ ಸೈಕಲ್ ಸವಾರರು ಗೊತ್ತಾದ ದಿನಗಳಂದು ಆಸ್ಪತ್ರೆಗಳನ್ನು ಸುತ್ತಿ ಮಾದರಿಗಳನ್ನು ಹಬ್‌ಗೆ, ಅಂದರೆ ಸಂಗ್ರಹ ಕೇಂದ್ರಕ್ಕೆ, ತರುತ್ತಾರೆ. ಅದೇ ಜಾಲದಲ್ಲಿ ಎಬೋಲಾದ ಮಾದರಿಯೂ ಎಂಟೆಬೆಯ ಪ್ರಯೋಗಾಲಯಕ್ಕೆ ಹೋಗುತ್ತದೆ. ದಿನವೂ ಓಡುವ ಬೈಕು ತುರ್ತಿನ ದಿನವೂ ಓಡುತ್ತದೆ.

ಜನರನ್ನು ತಯಾರು ಮಾಡಲು ಪರೀಕ್ಷಿತ ದಾರಿಯೇ ಇದೆ. ರೋಗ ಹರಡುವುದನ್ನು ಸ್ಥಳಕ್ಕೇ ಹೋಗಿ ತನಿಖೆ ಮಾಡುವವರಿಗಾಗಿ ಅಮೆರಿಕ 1951ರಲ್ಲಿ ಶುರುಮಾಡಿದ ಕ್ಷೇತ್ರ ತರಬೇತಿಯ ಮಾದರಿಯನ್ನು ಥಾಯ್ಲೆಂಡ್ 1980ರಲ್ಲಿ ತನ್ನದಾಗಿಸಿಕೊಂಡಿತು. ಎರಡು ವರ್ಷದ ಪೂರ್ಣ ತರಬೇತಿ ಒಂದು ಕಡೆ, ಜಿಲ್ಲೆಯ ಸಿಬ್ಬಂದಿಗೆ ಮೂರು ತಿಂಗಳದ್ದು ಇನ್ನೊಂದು ಕಡೆ. ಮೂರು ತಿಂಗಳದ್ದರಲ್ಲೂ ತರಗತಿ ಕೆಲವೇ ದಿನ, ಉಳಿದದ್ದು ತಮ್ಮದೇ ಜಿಲ್ಲೆಯ ವಾರದ ಅಂಕಿಅಂಶ ಹಿಡಿದು ಕೆಲಸ. 2 ಲಕ್ಷ ಜನಸಂಖ್ಯೆಗೆ ಹೀಗೆ ತರಬೇತಾದ ಒಬ್ಬರು ಎಂಬುದು ಒಪ್ಪಿತ ಗುರಿ. ಕೆಡುವುದು ತರಬೇತಿ ಮುಗಿದ ಮೇಲೆ. ಸರ್ಕಾರದಲ್ಲಿ ಆ ಹುದ್ದೆಯೇ ಇರುವುದಿಲ್ಲ, ಬಡ್ತಿಯ ಏಣಿ ಇರುವುದಿಲ್ಲ. ಕಲಿತವರು ಒಳ್ಳೆಯ ಸಂಬಳ ಕೊಡುವ ವಿದೇಶಿ ಸಂಸ್ಥೆಗೆ ಹೋಗುತ್ತಾರೆ. ತರಬೇತಿಗೆ ಹಣ ಕೊಡುವ ಮೊದಲು ‘ಹುದ್ದೆ ಮಂಜೂರಾಗಿದೆಯೇ?’ ಎಂದು ಕೇಳಬೇಕು.

ಬ್ರಿಟನ್ನಿನದು ಎಲ್ಲವೂ ಹುಳುಕು ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ಇಲ್ಲಿ ಹುಟ್ಟಿದ ಸಾರ್ವಜನಿಕ ಆರೋಗ್ಯ ಕ್ಷಿಪ್ರ ಬೆಂಬಲ ತಂಡ 48 ಗಂಟೆಯೊಳಗೆ ಹೊರಡುವಂತೆ ಸಿದ್ಧವಿರುತ್ತದೆ, ಬಿಡುವಿನಲ್ಲಿ ಸಂಶೋಧನೆ ಮತ್ತು ತರಬೇತಿ ಮಾಡುತ್ತದೆ. ಸಾಂಕ್ರಾಮಿಕವಿಲ್ಲದಾಗಲೂ ಸಂಬಳವಿರುವ ತಂಡ ಎಂಬುದೇ ಅದರ ಬಲ. ಹೊರಗಿನಿಂದ ಬರುವ ತಂಡಗಳಿಗೆ ಕಟ್ಟುನಿಟ್ಟು ಬೇಕು ಎಂದು 2010ರ ಹೈಟಿ ಭೂಕಂಪ ಕಲಿಸಿತು. ಅಂದು ಯಾರ್ಯಾರೋ ಬಂದರು, ಏನೇನೋ ಶಸ್ತ್ರಚಿಕಿತ್ಸೆ ಮಾಡಿದರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಎರಡನೆಯ ದರ್ಜೆಯ ವೈದ್ಯಕೀಯ ತಂಡವೆಂದರೆ ಕನಿಷ್ಠ 20 ಹಾಸಿಗೆ, ದಿನಕ್ಕೆ 7 ದೊಡ್ಡ ಅಥವಾ 15 ಸಣ್ಣ ಶಸ್ತ್ರಚಿಕಿತ್ಸೆ ಮಾಡುವ ಶಕ್ತಿ. ನೀರು, ವಿದ್ಯುತ್ತು, ಊಟ, ಕಸದ ವಿಲೇವಾರಿ ಎಲ್ಲ ತಮ್ಮದೇ. ಆತಿಥೇಯ ದೇಶಕ್ಕೂ ಕೆಲಸವಿದೆ. ವೀಸಾ, ತಾತ್ಕಾಲಿಕ ವೈದ್ಯಕೀಯ ನೋಂದಣಿ, ಔಷಧಕ್ಕೆ ಸುಂಕ ವಿನಾಯಿತಿ, ಮಾಹಿತಿ ಯಾರ ಸ್ವತ್ತು ಎಂಬ ಒಪ್ಪಂದ: ಇವನ್ನು ಶಾಂತಿಯ ದಿನಗಳಲ್ಲೇ ಸಹಿ ಮಾಡಿಟ್ಟುಕೊಳ್ಳದಿದ್ದರೆ 48 ಗಂಟೆಗೆ ಹೊರಟವರು ವಿಮಾನ ನಿಲ್ದಾಣದಲ್ಲಿ ವಾರ ಕಳೆಯುತ್ತಾರೆ.

ಕಾಗದಪತ್ರ ಮೊದಲೇ ಮುಗಿದಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಎರಡು ಸಾಕ್ಷಿ. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮರ್ಸ್ ಎಂಬ ಉಸಿರಾಟದ ಸೋಂಕು 186 ಮಂದಿಗೆ ತಗುಲಿ 38 ಜನ ಸತ್ತರು. ಆಮೇಲೆ ಅವರು ಕಾನೂನು ತಿದ್ದಿ, ಪರೀಕ್ಷಾ ಕಿಟ್‌ಗಳಿಗೆ ತುರ್ತು ಅನುಮತಿಯ ದಾರಿ ಮಾಡಿಕೊಂಡರು. 2020ರ ಜನವರಿ 27ರಂದು, ದೇಶದಲ್ಲಿ ಕೋವಿಡ್ ಪ್ರಕರಣ 4 ಇದ್ದಾಗ, ಅಧಿಕಾರಿಗಳು ಕಂಪನಿಗಳನ್ನು ಸೋಲ್ ರೈಲು ನಿಲ್ದಾಣಕ್ಕೆ ಕರೆಸಿ ಮಾತಾಡಿದರು. ಫೆಬ್ರವರಿ 4ಕ್ಕೆ ಮೊದಲ ಕಿಟ್‌ಗೆ ಅನುಮತಿ ಸಿಕ್ಕಿತು. ಉಗಾಂಡದಲ್ಲಿ 2022ರ ಸೆಪ್ಟೆಂಬರ್ 20ರಂದು ಸುಡಾನ್ ತಳಿಯ ಎಬೋಲಾ ಘೋಷಣೆಯಾದಾಗ ಪ್ರಾಯೋಗಿಕ ಲಸಿಕೆ ಬಂದದ್ದು 79 ದಿನಕ್ಕೆ. ಅಷ್ಟರಲ್ಲಿ ಲಸಿಕೆ ಹಾಕಿ ನೋಡಲು ಸಂಪರ್ಕಿತರೇ ಉಳಿದಿರಲಿಲ್ಲ. ಅದೇ ರೋಗ 2025ರ ಜನವರಿ 30ರಂದು ಮರಳಿ ಬಂದಾಗ ಲಸಿಕೆ ದೇಶದೊಳಗೇ ಇತ್ತು, ಪ್ರಯೋಗದ ಕ್ರಮ ಬರೆದಿಟ್ಟಿತ್ತು. ನಾಲ್ಕನೆಯ ದಿನ ಪ್ರಯೋಗ ಶುರುವಾಯಿತು.

ಇಷ್ಟೆಲ್ಲ ಕಟ್ಟಿದ ಇನ್ನೊಂದು ದೇಶವನ್ನು ನಾವು ಹೇಗೆ ನಡೆಸಿಕೊಂಡೆವು ಎಂಬುದನ್ನೂ ಬರೆಯಲೇಬೇಕು. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಹೊಸ ಕೊರೊನಾ ತಳಿಯನ್ನು ದಿನಗಳೊಳಗೆ ಗುರುತಿಸಿ ಲೋಕಕ್ಕೆ ತಿಳಿಸಿದರು. ಮುಂದೆ ಅದಕ್ಕೆ ಓಮೈಕ್ರಾನ್ ಎಂದು ಹೆಸರಾಯಿತು. ಅವರು ಬಹಿರಂಗವಾಗಿ ಹೇಳಿದ ದಿನವೇ ಬ್ರಿಟನ್ ಆಫ್ರಿಕಾ ಖಂಡದ ದಕ್ಷಿಣ ಭಾಗದ 6 ದೇಶಗಳ ವಿಮಾನಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. ಅದೇ ಪ್ರಯೋಗಾಲಯಗಳಿಗೆ ಬೇಕಾದ ರೀಏಜೆಂಟ್ ಬರುವುದೂ ವಿಮಾನದಲ್ಲೇ. 7-1-7ರ ನಡುವಿನ ಆ ‘1’ ನಿಂತಿರುವುದು, ಹೇಳಿದವರಿಗೆ ಶಿಕ್ಷೆಯಾಗುವುದಿಲ್ಲ ಎಂಬ ನಂಬಿಕೆಯ ಮೇಲೆ. ಸಂಚಾರವನ್ನು ಗಣನೀಯವಾಗಿ ತಡೆಯುವ ಹೆಚ್ಚುವರಿ ಕ್ರಮ ಕೈಗೊಂಡ ದೇಶ 48 ಗಂಟೆಯೊಳಗೆ ಅದರ ಆರೋಗ್ಯ ಕಾರಣವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡಬೇಕು ಎಂದು ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 43ನೆಯ ವಿಧಿ ಹೇಳುತ್ತದೆ. ಕೊಡದಿದ್ದರೆ ದಂಡವಿಲ್ಲ. ವರದಿ ಮಾಡಿದ ದೇಶಕ್ಕೆ ವಿಮಾನ ನಿಲ್ಲಿಸುವವರು ಕನಿಷ್ಠ ರೀಏಜೆಂಟ್, ಲಸಿಕೆ, ತಜ್ಞರ ಸಂಚಾರಕ್ಕೆ ದಾರಿ ತೆರೆದಿಡಲೇಬೇಕು, ಆ ದೇಶಕ್ಕಾದ ನಷ್ಟ ತುಂಬುವ ನಿಧಿಗೆ ಹಣ ಹಾಕಬೇಕು. ನಾನು ತೆರಿಗೆ ಕಟ್ಟುವ ಈ ದೇಶ ಅದನ್ನು ಮೊದಲು ಮಾಡಲಿ ಎಂಬುದು ನನ್ನ ಒತ್ತಾಯ.