ಟಯರ್ ಬಗ್ಗೆ ಭಾವನಿಗೆ ಫೋನಲ್ಲಿ ಹೇಳಿ ಮುಗಿಯದೇ ಇದ್ದದ್ದು

ಮೊನ್ನೆ ಪುತ್ತೂರಿನಿಂದ ಭಾವ ಫೋನ್ ಮಾಡಿದ್ದರು. ಸೆಕೆಂಡ್ ಹ್ಯಾಂಡ್ ಡಿಜೈರ್ ತಗೊಂಡಿದ್ದಾರೆ, ನಾಲ್ಕೂ ಟಯರ್ ಬೋಳು. ಅಂಗಡಿಯವರು ಎರಡು ರೇಟ್ ಹೇಳಿದ್ದಾರಂತೆ, ಒಂದು 4,300, ಇನ್ನೊಂದು 6,900. "ಎರಡೂ ಕಪ್ಪು, ಎರಡೂ ಉರುಟು. 2,600 ರೂಪಾಯಿ ಜಾಸ್ತಿ ಯಾಕೆ ಕೊಡಬೇಕು, ಒಂದೇ ಮಾತಲ್ಲಿ ಹೇಳು ಮಾರಾಯ" ಅಂದರು. ಒಂದೇ ಮಾತಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದೆ, ಕೊನೆಗೆ ಅಕ್ಕ ಫೋನ್ ಕಿತ್ತುಕೊಂಡು "ಊಟ ಆರ್ತಾ ಇದೆ" ಅಂದಳು. ಬಾಕಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಭಾವ ಓದುತ್ತಾರೆ, ಲೈಕ್ ಮಾತ್ರ ಒತ್ತುವುದಿಲ್ಲ.

ನನ್ನದು ಸ್ವಿಫ್ಟ್, 185/65 ಆರ್15 ಸೈಜಿನ ಟಯರ್. ಕೆಲಸ ಬೆಂಗಳೂರಿನಲ್ಲಿ, ಊರು ಸುಳ್ಯದ ಹತ್ತಿರ. ತಿಂಗಳಿಗೊಮ್ಮೆಯಾದರೂ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು, ಗುಂಡ್ಯದಲ್ಲಿ ಎಡಕ್ಕೆ ತಿರುಗಿ ಸುಬ್ರಹ್ಮಣ್ಯದ ಮೇಲೆ ಊರಿಗೆ ಹೋಗುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಮಳೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹಾಗಾಗಿ ನನ್ನ ಮಾತೆಲ್ಲ ಒದ್ದೆ ರಸ್ತೆಯ ಮಾತು. ಬಿಜಾಪುರ, ರಾಯಚೂರಿನವರಿಗೆ ಇದರಲ್ಲಿ ಅರ್ಧ ಅನ್ವಯಿಸಲಿಕ್ಕಿಲ್ಲ.

ಕಂಪನಿ ಕೊಟ್ಟ ಟಯರ್ 2019ರಲ್ಲಿ ಮುಗಿಯಿತು. ಆಗ ನಾನೂ ಭಾವನ ಹಾಗೇ ಯೋಚಿಸಿದ್ದೆ. ಹೆಸರು ಓದಲೂ ಬಾರದ ಒಂದು ಇಂಪೋರ್ಟೆಡ್ ಟಯರ್, ಒಂದಕ್ಕೆ 3,600. ನಾಲ್ಕು ಹಾಕಿಸಿದೆ. ಬಿಸಿಲಲ್ಲಿ ಏನೂ ಗೊತ್ತಾಗಲಿಲ್ಲ. ಸ್ವಲ್ಪ ಗೊಂಯ್ ಅನ್ನುವ ಸದ್ದು ಇತ್ತು, ಹಾಡು ಜೋರು ಮಾಡಿದರೆ ಅದೂ ಇಲ್ಲ. ಸ್ನೇಹಿತರಿಗೆಲ್ಲ "ಸುಮ್ನೆ ಬ್ರ್ಯಾಂಡ್‌ಗೆ ದುಡ್ಡು ಹಾಕ್ತೀರಿ" ಅಂತ ಪಾಠ ಮಾಡಿದ್ದೂ ಮಾಡಿದ್ದೇ. ಜೂನ್ ಬಂತು. ಹಾಸನ ದಾಟಿ ಒಂದು ಕಡೆ, ಮೊದಲ ಮಳೆ ಬಿದ್ದು ರಸ್ತೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ಮುಂದಿನ ಲಾರಿ ಹಂಪ್‌ಗೆ ನಿಧಾನ ಮಾಡಿತು, ನಾನು ಬ್ರೇಕ್ ಒತ್ತಿದೆ, ಪೆಡಲ್ ಕೆಳಗೆ ಎಬಿಎಸ್ ಟರ ಟರ ಅಂತ ಕಾಲಿಗೆ ಗುದ್ದುತ್ತಿದೆ, ಕಾರು ಮಾತ್ರ ತನಗೂ ಬ್ರೇಕಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಹೋಗುತ್ತಲೇ ಇದೆ. ನಿಂತಾಗ ಲಾರಿಯ ಹಿಂದೆ ಬರೆದಿದ್ದ 'ಹಾರ್ನ್ ಮಾಡಿ' ತಲೆ ಎತ್ತಿ ಓದುವಷ್ಟು ಹತ್ತಿರ ಇದ್ದೆ.

ಎಬಿಎಸ್ ಇದೆಯಲ್ಲಾ ಅಂತ ತುಂಬಾ ಜನ ಧೈರ್ಯ ಹೇಳುತ್ತಾರೆ. ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ, ಸ್ಟೇರಿಂಗ್ ಕೈಯಲ್ಲಿ ಉಳಿಯುವ ಹಾಗೆ ಮಾಡುತ್ತದೆ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು? ರಸ್ತೆಗೆ ತಾಗುವುದು ಒಂದೊಂದು ಟಯರಿನಲ್ಲಿ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ. ಒಂದು ಟನ್ ಕಾರು, ಒಳಗೆ ಅಪ್ಪ, ಅಮ್ಮ, ಹೆಂಡತಿ, ಮಗು, ಡಿಕ್ಕಿಯಲ್ಲಿ ತೆಂಗಿನಕಾಯಿ, ಇಷ್ಟೂ ನಾಲ್ಕು ಅಂಗೈ ಮೇಲೆ ನಿಂತಿದೆ.

ಆ ಅಂಗೈ ಯಾವುದರಿಂದ ಮಾಡಿದ್ದು ಅನ್ನುವುದರಲ್ಲೇ ಬೆಲೆಯ ಗುಟ್ಟು ಇರುವುದು. ನಮ್ಮ ತೋಟದಲ್ಲೂ ಸ್ವಲ್ಪ ರಬ್ಬರ್ ಇದೆ, ಅಪ್ಪ ಶೀಟ್ ಹೊಡೆಯುತ್ತಾರೆ, ಹಾಗಾಗಿ ಟಯರ್ ಅಂದರೆ ಬರೀ ರಬ್ಬರ್ ಅಂತ ಬಹಳ ವರ್ಷ ನಂಬಿದ್ದೆ. ಅದರಲ್ಲಿ ಮರದ ರಬ್ಬರ್ ಒಂದು ಪಾಲು ಮಾತ್ರ. ಕೃತಕ ರಬ್ಬರ್, ಕಾರ್ಬನ್ ಬ್ಲ್ಯಾಕ್ ಅನ್ನುವ ಕಪ್ಪು ಪುಡಿ, ಎಣ್ಣೆ, ಗಂಧಕ, ಉಕ್ಕಿನ ತಂತಿ, ಬಟ್ಟೆ, ಎಲ್ಲಾ ಸೇರುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಬೇಕು, ಪೆಟ್ರೋಲೂ ಉಳಿಯಬೇಕು ಅಂದರೆ ಕಾರ್ಬನ್ ಬದಲಿಗೆ ಸಿಲಿಕಾ ಅನ್ನುವ ಬಿಳಿ ಪುಡಿ ಜಾಸ್ತಿ ಹಾಕುತ್ತಾರೆ. ಮಿಶೆಲಿನ್‌ನವರು 1992ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು, ಆಮೇಲೆ ಉಳಿದವರೂ ಹಿಡಿದರು. ಸಿಲಿಕಾ ರಬ್ಬರಿನ ಜೊತೆ ಸುಲಭವಾಗಿ ಬೆರೆಯುವುದಿಲ್ಲ, ಬೆರೆಸಲು ಬೇರೆ ರಾಸಾಯನಿಕ ಬೇಕು. ಅಲ್ಲಿ ಖರ್ಚು ಏರುತ್ತದೆ. ಅಗ್ಗದ ಟಯರ್ ಮಾಡುವವರು ಅಲ್ಲೇ ಉಳಿಸುತ್ತಾರೆ. ಇನ್ನೊಂದು ದಾರಿ, ರಬ್ಬರನ್ನು ಗಟ್ಟಿ ಮಾಡುವುದು. ಗಟ್ಟಿ ರಬ್ಬರ್ ಬೇಗ ಸವೆಯುವುದಿಲ್ಲ, ಟ್ಯಾಕ್ಸಿಯವರಿಗೆ ಅದೇ ಇಷ್ಟ, ಆದರೆ ಒದ್ದೆಯಲ್ಲಿ ಜಾರುತ್ತದೆ. "ಎಂಬತ್ತು ಸಾವಿರ ಓಡುತ್ತೆ ಸರ್" ಅಂತ ಅಂಗಡಿಯವರು ಹೊಗಳಿದರೆ ನಾನೀಗ ಸಂತೋಷಪಡುವುದಿಲ್ಲ, ಮಳೆಯಲ್ಲಿ ಹೇಗೆ ಅಂತ ಕೇಳುತ್ತೇನೆ.

2022ರಲ್ಲಿ ಹೆದರಿ ಇನ್ನೊಂದು ತುದಿಗೆ ಹೋದೆ. ದೊಡ್ಡ ಫಾರಿನ್ ಹೆಸರು, ಒಂದಕ್ಕೆ 7,100. ನಿಜ ಹೇಳಬೇಕು, ವ್ಯತ್ಯಾಸ ಮೊದಲ ಮಳೆಗೇ ಗೊತ್ತಾಯಿತು. ಶಿರಾಡಿಯ ಮಾರನಹಳ್ಳಿ ಕಡೆ ತಿರುವಿನಲ್ಲಿ ಕಾರು ಹೇಳಿದ ಕಡೆ ಹೋಗುತ್ತಿತ್ತು, ಹೇಳಿದ ಕಡೆ ನಿಲ್ಲುತ್ತಿತ್ತು. ಸದ್ದೂ ಕಡಿಮೆ. ದುಬಾರಿ ಟಯರ್ ಬರೀ ಷೋಕಿ ಅನ್ನುವವರು ಒಂದು ಮಳೆಗಾಲ ಎರಡನ್ನೂ ಓಡಿಸಿ ನೋಡಿಲ್ಲ ಅಂತಲೇ ಲೆಕ್ಕ.

ಹಾಗಾದರೆ 6,900ದ್ದೇ ತಗೊಳ್ಳಿ ಭಾವ ಅಂತ ಮುಗಿಸಬಹುದಿತ್ತು. ಮುಗಿಯುವುದಿಲ್ಲ.

2025ರ ಜುಲೈ. ಅದೇ ದುಬಾರಿ ಟಯರ್, 46,000 ಕಿಲೋಮೀಟರ್ ಆಗಿತ್ತು. ಮೇ ತಿಂಗಳಲ್ಲೇ ನಮ್ಮ ಪಂಚರ್ ಅಂಗಡಿಯವರು "ಮುಂದಿನ ಎರಡರ ಬಟನ್ ಹೋಗ್ತಾ ಬಂತು ಸರ್, ಮಳೆಗೆ ಮುಂಚೆ ಬದಲಾಯಿಸಿ" ಅಂದಿದ್ದರು. ನಾನು ಗೇಜ್ ಹಾಕಿ ಗೆರೆಯ ಆಳ ನೋಡಿದೆ, 2.4 ಮಿಲಿಮೀಟರ್. ಕಾನೂನು ಕೇಳುವುದು 1.6. ಟಯರಿನ ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದಲ್ಲ, ಸವೆದು ಅದರ ಮಟ್ಟಕ್ಕೆ ಬಂದರೆ 1.6 ಅಂತ ಅರ್ಥ. ಇನ್ನೂ ಇದೆಯಲ್ಲಾ, ಏಳು ಸಾವಿರ ಕೊಟ್ಟಿದ್ದೀನಿ, ಇದೊಂದು ಮಳೆಗಾಲ ಓಡಲಿ ಅಂದುಕೊಂಡೆ.

ಶಿರಾಡಿ ಘಾಟಿಯಲ್ಲಿ ದೋಣಿಗಾಲ್ ದಾಟಿ ಇಳಿಯುವಾಗ ಒಂದು ಎಡ ತಿರುವು. ಸ್ಪೀಡು ಐವತ್ತರ ಒಳಗೆ. ಕಾಂಕ್ರೀಟ್ ಮೇಲೆ ನೀರು ಹಾಳೆಯ ಹಾಗೆ ಹರಿಯುತ್ತಿತ್ತು. ಸ್ಟೇರಿಂಗ್ ತಿರುಗಿಸಿದೆ, ತಿರುಗಿತು, ಆದರೆ ಹಗುರವಾಗಿ ತಿರುಗಿತು, ಗಾಳಿಯಲ್ಲಿ ತಿರುಗಿಸಿದ ಹಾಗೆ. ಕಾರು ನೇರ ಹೋಯಿತು. ಎದುರಿನಿಂದ ಟ್ಯಾಂಕರ್ ಹತ್ತುತ್ತಿತ್ತು. ಆ ಡ್ರೈವರ್ ಯಾರೋ ಪುಣ್ಯಾತ್ಮ, ಹಾರ್ನ್ ಹೊಡೆಯುತ್ತಾ ಚರಂಡಿ ಅಂಚಿಗೆ ಹೋಗಿಬಿಟ್ಟ. ಅಷ್ಟರಲ್ಲಿ ಟಯರಿಗೆ ನೆಲ ಸಿಕ್ಕಿತು, ನಮ್ಮ ಸೈಡಿಗೆ ಬಂದೆವು. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆಯಲ್ಲಿದ್ದರು, ಇವತ್ತಿಗೂ ಅವರಿಗೆ ಗೊತ್ತಿಲ್ಲ. ಈ ಪೋಸ್ಟ್ ಯಾರೂ ತೋರಿಸಬೇಡಿ.

ಅಡಿಕೆ ತೋಟ ಇರುವವರಿಗೆ ಒಂದೇ ಮಾತಲ್ಲಿ ಅರ್ಥವಾಗುತ್ತದೆ. ಟಯರಿನ ಗೆರೆ ಅಂದರೆ ತೋಟದ ಕಣಿ, ನೀರು ಹರಿದು ಹೋಗುವ ಕಾಲುವೆ. ಹೊಸತರಲ್ಲಿ ಏಳೆಂಟು ಮಿಲಿಮೀಟರ್ ಆಳ, ನೀರು ಸರಾಗ ಹೋಗುತ್ತದೆ. ಕಣಿ ಹೂಳು ತುಂಬಿದರೆ ತೋಟದಲ್ಲಿ ನೀರು ನಿಲ್ಲುತ್ತದೆ ಅಲ್ವಾ, ಹಾಗೇ ಇದು. ಟಯರಿಗೂ ರಸ್ತೆಗೂ ನಡುವೆ ನೀರು ನಿಂತಾಗ ಕಾರು ತೇಲುತ್ತದೆ. ಒಳಗಿನ ರಬ್ಬರ್ ಎಷ್ಟೇ ಒಳ್ಳೆಯದಿರಲಿ, ನೆಲಕ್ಕೇ ತಾಗದ ಮೇಲೆ ಅದರ ಉಪಯೋಗ ಏನು? ಅವತ್ತು ನನ್ನ 7,100ರ ಟಯರಿಗಿಂತ ಭಾವನಿಗೆ ಹೇಳಿದ 4,300ರ ಹೊಸ ಟಯರೇ ವಾಸಿ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು, ಆದರೂ ಅದೇ ಸತ್ಯ.

ಹಾಗಾಗಿ ಭಾವನಿಗೆ ನಾನು ಹೇಳಬೇಕಾಗಿದ್ದ ಮಾತು ಇದು. ಎಷ್ಟರ ಟಯರ್ ತಗೊಳ್ಳಬಲ್ಲೆ ಅಂತ ಕೇಳಿಕೊಳ್ಳಬೇಡಿ, ಎಷ್ಟರ ಟಯರನ್ನು 3 ಮಿಲಿಮೀಟರ್ ಉಳಿದಿರುವಾಗಲೇ ತೆಗೆದುಹಾಕಲು ಮನಸ್ಸು ಬರುತ್ತದೆ ಅಂತ ಕೇಳಿಕೊಳ್ಳಿ. ನನ್ನಂಥವನಿಗೆ ಏಳು ಸಾವಿರದ್ದನ್ನು ಬಿಸಾಡಲು ಕೈ ಬರುವುದಿಲ್ಲ. ಐದು ಸಾವಿರದ್ದಾದರೆ ಬರುತ್ತದೆ.

ದುಡ್ಡಿನ ಲೆಕ್ಕ ಬೇಕಾದರೆ ಅದೂ ಇದೆ. ಅಗ್ಗದ ಸೆಟ್ 14,400, ಓಡಿದ್ದು 34,000 ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ 42 ಪೈಸೆ. ದುಬಾರಿ ಸೆಟ್ 28,400, ಓಡಿದ್ದು 46,000, ಅಂದರೆ 62 ಪೈಸೆ. ವರ್ಷಕ್ಕೆ 15,000 ಓಡಿಸುವ ನನಗೆ ವ್ಯತ್ಯಾಸ ಸುಮಾರು ಮೂರು ಸಾವಿರ, ತಿಂಗಳಿಗೆ ಇನ್ನೂರೈವತ್ತು. ಎರಡು ಮಸಾಲೆ ದೋಸೆ, ಕಾಫಿ. ಪೆಟ್ರೋಲಿಗೆ ಕಿಲೋಮೀಟರಿಗೆ ಆರು ರೂಪಾಯಿ ಮೇಲೆ ಸುಡುತ್ತಾ ಇಪ್ಪತ್ತು ಪೈಸೆಗೆ ಇಷ್ಟೊಂದು ಚರ್ಚೆ ಮಾಡುವವರು ನಾವು.

ಆದರೆ ಈ ಲೆಕ್ಕ ಜಾಸ್ತಿ ಓಡಿಸುವವರಿಗೆ ಮಾತ್ರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಭಾನುವಾರ ದೇವಸ್ಥಾನ, ತಿಂಗಳಿಗೊಮ್ಮೆ ಮಗಳ ಮನೆ, ಅಷ್ಟೇ. ಆರು ವರ್ಷದಲ್ಲಿ 14,000 ಕಿಲೋಮೀಟರ್. ಅತಿ ದುಬಾರಿ ಟಯರ್, ಗೆರೆ ಹೊಸದರ ಹಾಗೇ ಇದೆ, ಆದರೆ ಪಕ್ಕದ ಗೋಡೆಯಲ್ಲಿ ಬಿಸಿಲಿಗೆ ಒಣಗಿದ ಗದ್ದೆಯ ಹಾಗೆ ಬಿರುಕು. ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ, ಗಟ್ಟಿಯಾಗುತ್ತದೆ. ಅಂಥವರು ಮಧ್ಯಮ ಬೆಲೆಯದ್ದು ಹಾಕಿಸಿ ಐದಾರು ವರ್ಷಕ್ಕೆ ಬದಲಾಯಿಸಿದರೆ ಸಾಕು.

ಇದೇ ಕಾರಣಕ್ಕೆ ತಾರೀಖು ನೋಡದೆ ಟಯರ್ ತಗೊಳ್ಳಬೇಡಿ. ಪಕ್ಕದಲ್ಲಿ ಉದ್ದದ ಕೋಡಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ. ಒಂದು ಅಂಗಡಿಯಲ್ಲಿ ನನಗೆ "ಸ್ಪೆಷಲ್ ಡಿಸ್ಕೌಂಟ್" ಅಂತ ಕೊಡಲು ಬಂದದ್ದು ಮೂರು ವರ್ಷ ಹಳೆಯ ಮಾಲು. ಬೆರಳಿಟ್ಟು ತೋರಿಸಿದೆ. "ಅದು ಬ್ಯಾಚ್ ನಂಬರ್ ಸರ್" ಅಂದರು. ಹಾಲಿನ ಪ್ಯಾಕೆಟ್ ಮೇಲೆ ತಾರೀಖು ನೋಡುವ ನಾವು ಇಪ್ಪತ್ತು ಸಾವಿರದ ಟಯರಿಗೆ ನೋಡುವುದಿಲ್ಲ.

ಇನ್ನು 'ಅಗ್ಗದ್ದು' ಅಂದರೆ ಯಾವುದು ಅನ್ನುವುದೂ ಬದಲಾಗಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಯರ್ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ ಮೇಲೆ ನಾನು ಹಾಕಿಸಿದಂಥ ಹೆಸರಿಲ್ಲದ ಟಯರುಗಳು ಕಡಿಮೆಯಾದವು. ಈಗ ಕಡಿಮೆ ಬೆಲೆಯಲ್ಲಿ ಸಿಗುವುದು ಹೆಚ್ಚಾಗಿ ನಮ್ಮವರದ್ದೇ. 1946ರಲ್ಲಿ ಮದ್ರಾಸಿನಲ್ಲಿ ಮಕ್ಕಳ ಬಲೂನು ಮಾಡುತ್ತಾ ಶುರುವಾದ ಎಂಆರ್‌ಎಫ್, ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ತಗೊಂಡ ಜೆಕೆ, ಸಿಯೆಟ್, ಅಪೊಲೊ. ಅಪೊಲೊ ಅಂತೂ 2009ರಲ್ಲಿ ಡಚ್ಚರ ವ್ರೆಡೆಸ್ಟೈನ್ ಕಂಪನಿಯನ್ನೇ ಕೊಂಡುಕೊಂಡಿತು, ಹಾಗಾಗಿ ಒಂದೇ ಮನೆಯವರು ಎರಡು ಬೆಲೆಗೂ ಮಾರುತ್ತಾರೆ. ಭಾವನಿಗೆ ಹೇಳಿದ 4,300ರದ್ದು ಇಂಥ ಒಂದು ಕಂಪನಿಯದ್ದೇ. ಐಎಸ್‌ಐ ಗುರುತು ಇದೆ, ಪುತ್ತೂರಲ್ಲೇ ಡೀಲರ್ ಇದ್ದಾರೆ. ನನ್ನ 2019ರ ಟಯರಿಗೆ ವಾರಂಟಿ ಕೇಳಲು ಯಾರ ಮನೆಗೆ ಹೋಗಬೇಕು ಅಂತಲೇ ಗೊತ್ತಿರಲಿಲ್ಲ.

ಎರಡೇ ಹೊಸತು ಹಾಕಿಸುವುದಾದರೆ ಹಿಂದೆ ಹಾಕಿಸಿ. ಅಂಗಡಿಯವರು ಮುಂದೆ ಹಾಕುತ್ತೇನೆ ಅನ್ನುತ್ತಾರೆ, ಎಂಜಿನ್ ಎಳೆಯುವುದು ಮುಂದಲ್ವಾ ಅಂತ. ಮುಂದೆ ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸುಧಾರಿಸಿಕೊಳ್ಳಲು ಒಂದು ಅವಕಾಶ ಇದೆ, ನನಗೆ ಸಿಕ್ಕಿತು. ಹಿಂದೆ ಜಾರಿದರೆ ಕಾರು ಬುಗುರಿ. ಟಯರ್ ಕಂಪನಿಗಳೇ ಹೀಗೆ ಹೇಳುತ್ತವೆ, ನನ್ನ ತಲೆಯಿಂದ ಬಂದದ್ದಲ್ಲ. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿ, ಟಯರ್ ತಣ್ಣಗಿರುವಾಗ, ಡ್ರೈವರ್ ಬಾಗಿಲ ಹತ್ತಿರ ಅಂಟಿಸಿದ ಅಂಕಿಯ ಪ್ರಕಾರ. ಪಂಪ್‌ನಲ್ಲಿ ಎಲ್ಲಾ ಗಾಡಿಗೂ 35 ಹೊಡೆಯುವ ಹುಡುಗನ ಪ್ರಕಾರ ಅಲ್ಲ. ನೈಟ್ರೋಜನ್‌ಗೆ ದುಡ್ಡು ಕೊಡಬೇಡಿ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದು.

ಭಾವನ ಓಡಾಟ ಪುತ್ತೂರು, ಉಪ್ಪಿನಂಗಡಿ, ಮಂಗಳೂರು. ಅರವತ್ತರ ಮೇಲೆ ಹೋಗುವವರಲ್ಲ, ಅಕ್ಕ ಪಕ್ಕದಲ್ಲಿದ್ದರೆ ಐವತ್ತೂ ಇಲ್ಲ. ಅವರಿಗೆ 4,300ರದ್ದು ಧಾರಾಳ ಸಾಕು, ಉಳಿದ ದುಡ್ಡಲ್ಲಿ ಅಲೈನ್‌ಮೆಂಟ್ ಮಾಡಿಸಿ ಸ್ಟೆಪ್ನಿಯನ್ನೂ ಬದಲಾಯಿಸಲಿ. ವಾರ ವಾರ ಘಾಟಿ ಇಳಿಯುವವರು, ಹೈವೇಯಲ್ಲಿ ನೂರು ಮುಟ್ಟುವವರು ದುಬಾರಿಯದ್ದೇ ಹಾಕಿಸಿ, ಆದರೆ 3 ಮಿಲಿಮೀಟರಿಗೆ ತೆಗೆಯುತ್ತೇನೆ ಅಂತ ಹಾಕಿಸುವ ದಿನವೇ ಹೆಂಡತಿಗೆ ಮಾತು ಕೊಡಿ. ನಿಮಗೆ ನೀವೇ ಕೊಟ್ಟುಕೊಂಡ ಮಾತು ನಡೆಯುವುದಿಲ್ಲ.

ನಾನು ಜುಲೈನಲ್ಲಿ ಬೆಂಗಳೂರಿಗೆ ವಾಪಸ್ ಬಂದ ಮರುದಿನವೇ 5,200ರ ಸೆಟ್ ಹಾಕಿಸಿದೆ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಎರಡು ತಿಂಗಳು ಕಾದಿದ್ದರೆ ಸಾವಿರದ ಐನೂರಾದರೂ ಉಳಿಯುತ್ತಿತ್ತು, ಇರಲಿ. ಬಿಲ್ ಮಾಡುವಾಗ ಅಂಗಡಿಯವರು ಹಳೇ ಟಯರ್ ತಿರುಗಿಸಿ ನೋಡಿ "ಒಳ್ಳೇ ಕಂಪನಿದು, ಒಂದಕ್ಕೆ ನಾನೂರು ಕೊಡ್ತೀನಿ" ಅಂದರು. ಏನು ಮಾಡುತ್ತೀರಿ ಅಂತ ಕೇಳಿದೆ. "ಸೆಕೆಂಡ್ಸ್‌ಗೆ ಹೋಗುತ್ತೆ ಸರ್, ತಗೊಳ್ಳೋರು ಇದ್ದಾರೆ" ಅಂದರು. ಹಾಗಾದರೆ ಪಕ್ಕಕ್ಕೆ ಬ್ಲೇಡ್ ಹಾಕಿ ಕೊಡುತ್ತೇನೆ ಅಂದೆ. ಅವರು ನಕ್ಕರು. "ಕೊಯ್ದರೆ ಗುಜರಿ ಸರ್, ಇಪ್ಪತ್ತು ರೂಪಾಯಿನೂ ಬರಲ್ಲ."

ನಾನು 1,600 ರೂಪಾಯಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಆ ನಾಲ್ಕು ಟಯರ್ ಈಗ ಯಾರ ಕಾರಿನಲ್ಲಿವೆಯೋ ಗೊತ್ತಿಲ್ಲ.