ಜಮಾ, ಖರ್ಚು, ಶಿಲ್ಕು

ಹೊಟ್ಟೆಪಾಡಿಗೆ ಬರೆಯುವವರ ಬೆನ್ನ ಹಿಂದೆ ಸಂಪಾದಕರಿರುತ್ತಾರೆ, ಪ್ರಕಾಶಕರಿರುತ್ತಾರೆ, ಏನಿಲ್ಲವೆಂದರೂ ತಿಂಗಳ ಬಾಡಿಗೆ ಕೇಳುವ ಮನೆ ಮಾಲೀಕರಿರುತ್ತಾರೆ. ನನ್ನಂಥ ಹವ್ಯಾಸಿಗೆ ಯಾರಿದ್ದಾರೆ? ಈ ವರ್ಷ ನಾನು ಒಂದು ಸಾಲೂ ಬರೆಯದಿದ್ದರೆ ದಾವಣಗೆರೆಯಲ್ಲಿ ಒಂದು ಬೆಣ್ಣೆದೋಸೆಯೂ ಸೀಯುವುದಿಲ್ಲ. ಗುರಿ ಇಡುವವನೂ ನಾನೇ, ಅದು ತಪ್ಪಿದಾಗ ರಜೆ ಮಂಜೂರು ಮಾಡುವವನೂ ನಾನೇ. ಇಂಥ ಕಚೇರಿಯಲ್ಲಿ ಕೆಲಸ ಸಾಗುವುದು ಹೇಗೆ?

ಗುರಿಯನ್ನು ನಾಲ್ಕು ಜನರ ಮುಂದೆ ಹೇಳಿಬಿಡಿ, ಮಾನಕ್ಕಂಜಿಯಾದರೂ ಬರೆಯುತ್ತೀರಿ ಎನ್ನುವವರಿದ್ದಾರೆ. ಅವರು ನಮ್ಮೂರಿನವರಲ್ಲ. ಇಲ್ಲಿ ಸಂಜೆ ಮಂಡಕ್ಕಿ-ಮಿರ್ಚಿ ಮುಂದೆ ನಾಲ್ಕು ಜನ ಸೇರಿದರೆ ಮೊದಲ ಪ್ರಶ್ನೆಯೇ, "ಏನ್ರೀ ಗುಮಾಸ್ತ್ರೇ, ಎಲ್ಲಿಗ್ ಬಂತು ಕಾದಂಬರಿ?" ಎರಡನೆಯವರು, "ತರಾಸು ಬರೆದಂಗ ದುರ್ಗದ ಮ್ಯಾಲೆ ಬರೀರಿ, ಓಡ್ತದೆ" ಎನ್ನುತ್ತಾರೆ. ಚಿತ್ರದುರ್ಗದ ಚರಿತ್ರೆಯನ್ನು ಕಾದಂಬರಿಗಿಳಿಸಿದ ತರಾಸು ಹುಟ್ಟಿದ್ದು 1920ರಲ್ಲಿ, ಇಲ್ಲೇ ಮಲೆಬೆನ್ನೂರಿನಲ್ಲಿ. ಹಾಗಾಗಿ ಈ ಸೀಮೆಯಲ್ಲಿ ಪೆನ್ನು ಹಿಡಿದವರನ್ನೆಲ್ಲ ಅದೇ ಕೋಲಿನಿಂದ ಅಳೆಯುತ್ತಾರೆ. ಉತ್ತರ ಕೊಡುತ್ತಾ ಕೊಡುತ್ತಾ ಅರ್ಧ ಕಥೆ ಬಾಯಲ್ಲೇ ಮುಗಿದಿರುತ್ತದೆ. ಮೆಚ್ಚುಗೆಯೂ ಅಲ್ಲೇ ಸಿಕ್ಕಿಬಿಡುತ್ತದೆ. ಮನೆಗೆ ಹೋಗಿ ಅದನ್ನೇ ಬರೆಯಲು ಕೂರುವ ಹುಚ್ಚು ಯಾರಿಗಿದೆ?

ಅಮೆರಿಕದವರು ಇದಕ್ಕೊಂದು ಹಬ್ಬವನ್ನೇ ಮಾಡಿದ್ದರು. ನ್ಯಾನೊರೈಮೊ ಅಂತ, ಒಂದೇ ತಿಂಗಳಲ್ಲಿ ಕಾದಂಬರಿ ಬರೆಯುವ ಪಂಥ, 1999ರಲ್ಲಿ ಬೆರಳೆಣಿಕೆಯ ಗೆಳೆಯರಿಂದ ಶುರುವಾಗಿ ಆಮೇಲೆ ಲೋಕಕ್ಕೆಲ್ಲ ಹಬ್ಬಿತು. ನವೆಂಬರ್ ತಿಂಗಳ ಮೂವತ್ತು ದಿನದಲ್ಲಿ 50,000 ಪದ, ಅಂದರೆ ದಿನಕ್ಕೆ ಸುಮಾರು 1,667. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು, ಅದು ಬೇರೆ ಮಾತು. ನನಗೆ ಹೊಂದದಿದ್ದದ್ದು ತಿಂಗಳು. ನವೆಂಬರ್ ಎಂದರೆ ನಾನು ಗುಮಾಸ್ತನಾಗಿರುವ ಮಂಡಿಯ ಮಾರುಕಟ್ಟೆ ಯಾರ್ಡಿಗೆ ಮೆಕ್ಕೆಜೋಳದ ಆವಕ ಜೋರಾಗುವ ಕಾಲ. ಅದರ ಜೊತೆಗೆ ರಾಜ್ಯೋತ್ಸವ. ಸರ್ಕಲ್ಲಿಗೊಂದು ಆರ್ಕೆಸ್ಟ್ರಾ ಕನ್ನಡದ ಸೇವೆ ಮಾಡುತ್ತಿರುವಾಗ ಮನೆಯೊಳಗೆ ಕೂತು ಒಂದು ವಾಕ್ಯ ಕಟ್ಟಿ ನೋಡಿ. ಇನ್ನು ಪದ ಎಣಿಸುವ ಮಾತು. ಇಂಗ್ಲಿಷಿನವರು ಮೂರು ನಾಲ್ಕು ಪದಗಳಲ್ಲಿ ಹೇಳುವುದನ್ನು ನಾವು ಕೂಡಿಸಿ ಒಂದರಲ್ಲೇ ಮುಗಿಸುತ್ತೇವೆ. ಗುರಿ ಮುಟ್ಟಬೇಕೆಂದರೆ ಸಂಧಿ ಬಿಡಿಸುತ್ತಾ ಕೂರಬೇಕಾದೀತು.

ನನಗೆ ಹತ್ತಿರದವನು ಅನ್ನಿಸಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥೋನಿ ಟ್ರೊಲೋಪ್. ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಕಾಫಿ ಕೊಟ್ಟು ಎಬ್ಬಿಸುವ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ವಾರ ವಾರ ಎಷ್ಟು ಪುಟವಾಯಿತೆಂದು ದಿನಚರಿಯಲ್ಲಿ ಲೆಕ್ಕ ಇಟ್ಟ. ಹೀಗೇ 47 ಕಾದಂಬರಿ. ಅವನು ಸತ್ತ ಮರುವರ್ಷ, 1883ರಲ್ಲಿ, ಆತ್ಮಕಥೆ ಅಚ್ಚಾಗಿ ಈ ಲೆಕ್ಕವೆಲ್ಲ ಬಯಲಾದಾಗ ರಸಿಕರು ಮೂಗು ಮುರಿದರಂತೆ. ಸ್ಫೂರ್ತಿಯೆಂದರೆ ಗಡಿಯಾರ ನೋಡಿಕೊಂಡು ಬರುವಂಥದ್ದೇನು ಎಂದು. ನನಗಂತೂ ಅವನು ನಮ್ಮ ಮಂಡಿಯ ಪಕ್ಕದ ಗಲ್ಲೆಯಲ್ಲಿ ಕೂತ ಗುಮಾಸ್ತನ ಹಾಗೇ ಕಂಡ.

ನಮ್ಮ ಮಂಡಿಯಲ್ಲೀಗ ಲೆಕ್ಕವೆಲ್ಲ ಕಂಪ್ಯೂಟರಿನ ಟ್ಯಾಲಿಯಲ್ಲಿ. ದಿನದ ಲೆಕ್ಕ ಬರೆಯುವ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕಗಳು ದೀಪಾವಳಿಯ ಪೂಜೆಗಷ್ಟೇ. ಮೊದಲ ಪುಟದಲ್ಲಿ 'ಶ್ರೀ' ಬರೆದು, ಅರಿಶಿನ ಕುಂಕುಮ ಹಚ್ಚಿ, ಒಂದು ಅಡಿಕೆ ಇಟ್ಟು ಕೈಮುಗಿದರೆ ಅವುಗಳ ವರ್ಷದ ದುಡಿಮೆ ಮುಗಿಯಿತು. ಹಾಗೆ ಖಾಲಿ ಉಳಿದ ಒಂದನ್ನು ಕೇಳಿ ಇಸಕೊಂಡೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು, ಅಂದರೆ ಕೈಯಲ್ಲಿ ಉಳಿದದ್ದು. ಅಂಗಡಿ ತೆಗೆಯುವ ಮುಂಚೆ ಅರ್ಧ ಗಂಟೆ ಬರೆಯುವುದು, ಬರೆದದ್ದನ್ನು ಇದರಲ್ಲಿ ನಮೂದಿಸುವುದು, ಇಷ್ಟೇ ಗುರಿ.

ಮಜಾ ಇರುವುದು ಖರ್ಚಿನ ಕಡೆ. ಒಂದು ದಿನದ ನಮೂದು ಹೀಗಿದೆ. ಜಮಾ: ಹರಿಹರದ ಸೇತುವೆ ಮೇಲೆ ಬಸ್ಸು ನಿಂತ ಪ್ರಸಂಗ, ಒಂದು ಪುಟ. ಖರ್ಚು: ತುಂಗಭದ್ರೆಯ ಸೂರ್ಯೋದಯದ ವರ್ಣನೆ, ಪೂರ್ತಿ. ಶಿಲ್ಕು: ಕಂಡಕ್ಟರು ಚಿಲ್ಲರೆ ಆಮೇಲೆ ಕೊಡ್ತೀನಿ ಅಂದದ್ದು. ಪುಟ ಎಣಿಸುವವರ ಲೆಕ್ಕದಲ್ಲಿ ಅದು ದಂಡದ ದಿನ. ಕಿರ್ದಿಯಲ್ಲಿ ಹಾಗಲ್ಲ. ಹೊಡೆದು ಹಾಕಿದ್ದೂ ವ್ಯವಹಾರವೇ, ಅದಕ್ಕೂ ಒಂದು ಕಾಲಂ ಇದೆ. ಶಿಲ್ಕು ತೀರಾ ಸಣ್ಣದಾದ ವಾರ ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯನ್ನು ನೆನೆಯುತ್ತೇನೆ. ಕದಂಬರ ಮಯೂರಶರ್ಮ ಕೆರೆಯ ವಿಷಯಕ್ಕೆ ಅಲ್ಲಿ ಕೆತ್ತಿಸಿದ್ದು ಕೆಲವೇ ಸಾಲು, ಸಾವಿರದ ಆರುನೂರು ವರ್ಷ ಕಳೆದರೂ ಚರ್ಚೆ ನಡೆಸುವಷ್ಟು ಬಾಳಿಕೆ ಬಂದಿದೆ. ಕೆರೆ ಕಟ್ಟಿಸದವನಿಗೆ ಈ ಸಮಾಧಾನ ಸಲ್ಲದು, ಆದರೂ ಇರಲಿ.

ವ್ಯಾಪಾರದ ಲೆಕ್ಕಕ್ಕೂ ನನ್ನದಕ್ಕೂ ಒಂದೇ ವ್ಯತ್ಯಾಸ. ಮಂಡಿಯಲ್ಲಿ ಬಾಕಿಯನ್ನು ಮುಂದಿನ ಪುಟಕ್ಕೆ ಎಳೆಯಲೇಬೇಕು. ಬರವಣಿಗೆಯಲ್ಲಿ ಎಳೆಯಲೇಬಾರದು. ಹವ್ಯಾಸಿಗಳ ಗುರಿಗಳು ಸಾಯುವುದು ಅಲ್ಲೇ. ಸೋಮವಾರದ ಪುಟ ಮಂಗಳವಾರಕ್ಕೆ, ಎರಡೂ ಸೇರಿ ಬುಧವಾರಕ್ಕೆ, ಭಾನುವಾರ ಏಳೂ ಪುಟ ಒಟ್ಟಿಗೆ ತೀರಿಸುತ್ತೇನೆಂಬ ಆಣೆ. ಭಾನುವಾರ ಬೀಗರು ಬರುತ್ತಾರೆ. ಆಮೇಲೆ ಸಾಲ ಕೊಟ್ಟವನ ಓಣಿ ತಪ್ಪಿಸಿ ನಡೆದಂತೆ ನಮ್ಮದೇ ನೋಟ್‌ಬುಕ್ ಇರುವ ಕಪಾಟು ತಪ್ಪಿಸಿ ಓಡಾಡುತ್ತೇವೆ. ಅದಕ್ಕೇ ನಾನು ಬರೆಯದ ದಿನ 'ವ್ಯವಹಾರ ಇಲ್ಲ' ಎಂದು ಬರೆದು ಗೆರೆ ಎಳೆಯುತ್ತೇನೆ. ಮರುದಿನಕ್ಕೆ ಹೋಗುವುದು ಶಿಲ್ಕು ಮಾತ್ರ.

ಇನ್ನು ಪತ್ರಿಕೆಗೆ ಕಳಿಸಿದ ಕಥೆ, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಹೋದದ್ದು, ಇವೆಲ್ಲ ಉದ್ರಿ, ಸಾಲಕ್ಕೆ ಕೊಟ್ಟ ಸರಕು. ಅಚ್ಚಾಗಬೇಕು, ಬಹುಮಾನ ಬರಬೇಕು ಎನ್ನುವುದನ್ನು ಗುರಿಯ ಪಟ್ಟಿಗೆ ಸೇರಿಸಿದರೆ ಇನ್ನೊಬ್ಬರ ಗಲ್ಲಾಪೆಟ್ಟಿಗೆಯನ್ನು ನಮ್ಮ ಲೆಕ್ಕದಲ್ಲಿ ತೋರಿಸಿದಂತೆ. ಅದಕ್ಕೇ ಪುಸ್ತಕದ ಹಿಂದಿನ ಪುಟದಲ್ಲಿ ಬೇರೆಯಾಗಿ ಬರೆದಿಟ್ಟಿದ್ದೇನೆ. ಬಂದರೆ ಬಂತು.

ಮೊನ್ನೆ ಆ ಪುಸ್ತಕ ಗಲ್ಲೆಯ ಮೇಲೇ ಉಳಿದಿತ್ತು. ಸಾಹುಕಾರರು ಅಂಗಡಿಯದೇ ಎಂದುಕೊಂಡು ಕನ್ನಡಕ ಏರಿಸಿ ನಾಲ್ಕು ಪುಟ ತಿರುವಿದರು. ಬಲಗಡೆ ತುಂಬಿರುವುದನ್ನು ನೋಡಿದರು, ಎಡಗಡೆ ನೋಡಿದರು, ಹಿಂದಿನ ಪುಟವನ್ನೂ ನೋಡಿದರು. ಪುಸ್ತಕ ಮುಚ್ಚಿ ನನ್ನ ಕಡೆ ಸರಿಸುತ್ತಾ, "ಯಾವ್ದಿದು ಪಾರ್ಟಿ? ಇವ್ರಿಗೆ ಇನ್ನು ಮ್ಯಾಲೆ ಉದ್ರಿ ಕೊಡಬ್ಯಾಡ್ರಿ" ಎಂದರು.