ಓಣಿಯೆಲ್ಲಾ ದೋಣಿ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ನೋಟಿಸ್ ಬೋರ್ಡ್ ಇದೆ. ಮೇ ತಿಂಗಳಲ್ಲಿ ಅದರ ಮೇಲೆ ಎರಡು ಚೀಟಿ ಅಕ್ಕಪಕ್ಕ ಅಂಟಿಕೊಂಡಿದ್ದವು. ಎಡಗಡೆಯದು: ‘ನೀರಿನ ತೀವ್ರ ಅಭಾವ ಇರುವುದರಿಂದ ಬೆಳಿಗ್ಗೆ 6ರಿಂದ 8, ಸಂಜೆ 6ರಿಂದ 8 ಮಾತ್ರ ನೀರು ಬಿಡಲಾಗುವುದು.’ ಬಲಗಡೆಯದು: ‘ಬೇಸ್‌ಮೆಂಟಿನಲ್ಲಿ ನೀರು ತುಂಬಿರುವುದರಿಂದ ತಮ್ಮ ವಾಹನಗಳನ್ನು ಕೂಡಲೇ ಹೊರತೆಗೆಯಬೇಕಾಗಿ ವಿನಂತಿ.’ ಎರಡಕ್ಕೂ ಒಂದೇ ಸೀಲು, ಒಂದೇ ಸಹಿ. ಸೆಕ್ರೆಟರಿಯವರಿಗೆ ಅದರಲ್ಲೇನೂ ವಿಚಿತ್ರ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ನನಗೂ ಕಂಡಿರಲಿಲ್ಲ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದರೆ ಕಣ್ಣು ಹಾಗೆ ಪಳಗಿಬಿಡುತ್ತೆ.

ನಮ್ಮಜ್ಜಿ ಮಳೆ ನಕ್ಷತ್ರಗಳ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ. ಬೆಂಗಳೂರಿಗೆ ಇದನ್ನು ಸ್ವಲ್ಪ ತಿದ್ದಿಕೊಂಡರೆ ಸಾಕು. ಭರಣಿ ಬಂದರೆ ವಾರ್ಡ್ ಆಫೀಸಿನ ಮುಂದೆ ಧರಣಿ. ರೋಹಿಣಿ ಬಂದರೆ ಓಣಿಯೆಲ್ಲಾ ದೋಣಿ. ಕೃತ್ತಿಕೆಗೆ ಪ್ರಾಸ ಸಿಗಲಿಲ್ಲ. ಆದರೆ 2025ರ ಮೇ 19ರ ಮಳೆ ಕೃತ್ತಿಕೆಯದ್ದೇ. ಪ್ರಾಸ ಇಲ್ಲದೆಯೂ ಅದು ಹೊರಮಾವಿನ ಸಾಯಿ ಲೇಔಟನ್ನು ಮುಳುಗಿಸಿತು. ಅದಕ್ಕೂ ಮೊದಲು 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ಮನೆಬಾಗಿಲಿಗೆ ದೋಣಿ ಬಂದಿತ್ತು. 2022ರ ಸೆಪ್ಟೆಂಬರಿನಲ್ಲಿ ಸಾಫ್ಟ್‌ವೇರ್ ಜನ ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಕೂತು ದೋಣಿ ನಡೆಸೋದು ಸುಮ್ನೆ ಮಾತಲ್ಲ. ಮಂಗಳೂರಿನವರು ದೋಣಿ ಓಡಿಸಿದರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ, ಪಕ್ಕದಲ್ಲೇ ಸಮುದ್ರ ಇದೆ. ನಮ್ಮದು ಬರೀ ಸ್ವಂತ ಪರಿಶ್ರಮ.

2024ರ ಬೇಸಿಗೆ ನೆನಪಿದೆ ಅಲ್ವಾ? ಮಾರ್ಚಿನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ. ಮೊದಲ ಕೆಲವೇ ದಿನಗಳಲ್ಲಿ 22 ಮನೆಯವರು ಸಿಕ್ಕಿಬಿದ್ದರು, 1.1 ಲಕ್ಷ ರೂಪಾಯಿ ವಸೂಲಾಯಿತು. ಏಪ್ರಿಲ್ 28ಕ್ಕೆ ಬಿಸಿಲು 38.5 ಡಿಗ್ರಿ ಮುಟ್ಟಿತು. ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು ಜೂನ್ ತಿಂಗಳ 133 ವರ್ಷದ ದಾಖಲೆ ಮುರಿಯಿತು. ಆವತ್ತು ಊರಿನ ಅಷ್ಟೂ ಕಾರುಗಳನ್ನು ಒಳಗೂ ಹೊರಗೂ ತೊಳೆದು, ಅಷ್ಟೂ ಗಿಡಗಳಿಗೆ ನೀರು ಹಾಕಿ ಹೋದವನು ವರುಣ. ಕಾರಿಗೆ ಐದು ಸಾವಿರದಂತೆ ಹಾಕಿದ್ದರೂ ಇನ್ನೊಂದು ಮೆಟ್ರೋ ಮಾರ್ಗ ಆಗಿಬಿಡುತ್ತಿತ್ತು. ಅವನ ನೀರಿನ ಬಿಲ್ಲಿನ ಆರ್‌ಆರ್ ನಂಬರ್ ಸಿಗಲಿಲ್ಲವೋ ಏನೋ, ಬಿಟ್ಟುಬಿಟ್ಟರು.

ಬಿಸಿಲಿನ ಮಾತು ಬಂತಲ್ಲ, ನಮ್ಮ ವಾಚ್‌ಮನ್ ಬಗ್ಗೆ ಹೇಳಬೇಕು. ರಾಯಚೂರು ಜಿಲ್ಲೆ ದೇವದುರ್ಗದ ಕಡೆಯವರು. ನನಗಿಂತ ಐದಾರು ವರ್ಷ ದೊಡ್ಡವರು, ನಾನು ಯಜಮಾನ್ರೆ ಅಂತೀನಿ. ಏಪ್ರಿಲ್ ಮಧ್ಯಾಹ್ನ ಮೂರನೇ ಮಹಡಿಯವರು ಕಾರಿನಿಂದ ಇಳಿದು ಲಿಫ್ಟ್ ತನಕ ನಡೆಯುವಷ್ಟರಲ್ಲಿ ‘ಅಯ್ಯೋ ಸತ್ತೆ, ಬೆಂಗಳೂರು ಬೆಂಗಳೂರಾಗಿ ಉಳಿದಿಲ್ಲ’ ಅಂತಾರೆ. ಇವರು ಮರದ ಕುರ್ಚಿಯಲ್ಲಿ ಕೂತು ನಗ್ತಾರೆ. ‘ನಮ್ಮೂರಾಗ ಈಗ ನಲವತ್ತೆರಡು ಐತ್ರಿ ಸರ. ಇಲ್ಲಿ ತಂಪೈತಿ.’ ಒಮ್ಮೆ ಅವರಿಗೆ ಒಂದು ಹಳೆಯ ಟೇಬಲ್ ಫ್ಯಾನ್ ಕೊಡೋಣ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಎತ್ತಿದೆ. ಅದರ ಕರೆಂಟ್ ಬಿಲ್ಲು ಕಾಮನ್ ಏರಿಯಾ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅಂತ ಮುಕ್ಕಾಲು ಗಂಟೆ ಚರ್ಚೆಯಾಯಿತು. ಆಮೇಲೆ ಬೋಂಡಾ ಬಂತು, ಮೀಟಿಂಗ್ ಮುಗಿಯಿತು. ಫ್ಯಾನ್ ಇನ್ನೂ ನಮ್ಮ ಅಟ್ಟದ ಮೇಲಿದೆ.

ಇರಲಿ. ಬೇಸ್‌ಮೆಂಟಿಗೆ ಇಳಿಯೋಣ.

ಇಳಿಯೋಣ ಅಂದರೆ ರ‍್ಯಾಂಪಿನ ಅರ್ಧದ ತನಕ. ಮೇ ತಿಂಗಳ ಆ ಮಳೆಯ ರಾತ್ರಿ ಹನ್ನೊಂದಕ್ಕೆ ಅಲ್ಲಿಂದ ಮುಂದೆ ನೀರೇ ಇತ್ತು. ಮೊಣಕಾಲುದ್ದ. ಅದರ ಮೇಲೆ ಒಂದು ಎಡಗಾಲಿನ ಹವಾಯಿ ಚಪ್ಪಲಿ, ಯಾವುದೋ ಮಗುವಿನ ಪ್ಲಾಸ್ಟಿಕ್ ಬ್ಯಾಟು, ಎಣ್ಣೆಯ ಕಾಮನಬಿಲ್ಲು. ನಂಬರ್ ಪ್ಲೇಟಿನ ತನಕ ಮುಳುಗಿದ ಒಂದು ಬಿಳಿ ಕಾರಿನ ಇಂಡಿಕೇಟರ್ ತಾನಾಗೇ ಹತ್ತಿಕೊಂಡು, ಎಡಕ್ಕೆ ತಿರುಗುತ್ತೇನೆ, ಎಡಕ್ಕೆ ತಿರುಗುತ್ತೇನೆ ಅಂತ ಮಿಟುಕಿಸುತ್ತಿತ್ತು. ರಸ್ತೆಯ ಮೋರಿಗಿಂತ ಹತ್ತಡಿ ಕೆಳಗೆ ಗುಂಡಿ ತೋಡಿ, ನೀರು ಸಲೀಸಾಗಿ ಇಳಿಯಲಿ ಅಂತ ಅದಕ್ಕೊಂದು ಇಳಿಜಾರು ಮಾಡಿಕೊಡುವುದಕ್ಕೆ ಹಳ್ಳಿಯಲ್ಲಿ ಕೃಷಿ ಹೊಂಡ ಅಂತಾರೆ. ಅದಕ್ಕೆ ಸರ್ಕಾರ ಸಬ್ಸಿಡಿ ಕೊಡುತ್ತೆ. ಇಲ್ಲಿ ಅದಕ್ಕೆ ಕವರ್ಡ್ ಕಾರ್ ಪಾರ್ಕಿಂಗ್ ಅಂತಾರೆ. ಬಿಲ್ಡರ್ ಬೇರೆ ದುಡ್ಡು ತಗೊಳ್ತಾನೆ.

ಬಾಡಿಗೆ ಪಂಪು ಬಂತು. ಗಂಟೆ ಲೆಕ್ಕ. ಪೈಪನ್ನು ಗೇಟಿನಾಚೆ ರಸ್ತೆಗೆ ಬಿಟ್ಟರು. ರಸ್ತೆಯ ಮೋರಿ ಮೊದಲೇ ತುಂಬಿ ತುಳುಕುತ್ತಿತ್ತು. ಹೊರಗೆ ಬಿದ್ದ ನೀರು ಒಂದು ಸುತ್ತು ಹೊಡೆದು, ಗೇಟಿನ ಕೆಳಗೆ ನುಸುಳಿ, ರ‍್ಯಾಂಪಿನ ಮೇಲೆ ತಣ್ಣಗೆ ಇಳಿದು ಬಂತು. ಇಪ್ಪತ್ತು ನಿಮಿಷ ನೋಡಿದ ಮೇಲೆ ಯಜಮಾನ್ರು ಹೇಳಿದರು: ‘ಸರ, ಹೊರಗ ಹಾಕಿದ್ದ ನೀರು ಹೊಳ್ಳಿ ಇಲ್ಲಿಗೇ ಬರಾಕತ್ತೈತ್ರಿ.’ ಸೆಕ್ರೆಟರಿ ಪೈಪು ಉದ್ದ ಮಾಡಿಸಿದರು. ಈಗ ನೀರು ಪಕ್ಕದ ಬಿಲ್ಡಿಂಗಿನ ಗೇಟಿಗೆ ಹೋಯಿತು. ಅವರೂ ಪಂಪು ತರಿಸಿದ್ದರು. ಅವರ ಪೈಪು ನಮ್ಮ ಕಡೆಗಿತ್ತು. ಬೆಳಗಿನ ಜಾವದ ತನಕ ಎರಡು ಬಿಲ್ಡಿಂಗಿನವರು ಒಂದೇ ನೀರನ್ನು ಆ ಕಡೆ ಈ ಕಡೆ ಎರಚಾಡಿದೆವು. ಹಿಂದೆ ಊರ ಜಾತ್ರೆಯಲ್ಲಿ ಓಕುಳಿಯನ್ನು ಪುಕ್ಕಟೆ ಆಡುತ್ತಿದ್ದೆವು. ಇದಕ್ಕೆ ಗಂಟೆಗಿಷ್ಟು ಬಾಡಿಗೆ.

ಪಂಪಿನವರು ಯಾರು ಅಂತೀರಿ? ಏಪ್ರಿಲ್ ಪೂರ್ತಿ ನಮಗೆ ಟ್ಯಾಂಕರ್ ಹೊಡೆದವರೇ. ಆ ಪುಣ್ಯಾತ್ಮರು ಒಂದೇ ಮೊಬೈಲ್ ನಂಬರಿನಲ್ಲಿ ಎರಡೂ ವ್ಯವಹಾರ ಇಟ್ಟುಕೊಂಡಿದ್ದಾರೆ. ಫೋನ್ ಎತ್ತಿದ ಕೂಡಲೇ ಒಂದೇ ಪ್ರಶ್ನೆ: ‘ಹೇಳಿ ಸಾರ್, ಹಾಕಬೇಕಾ, ತೆಗೀಬೇಕಾ?’ ಬೆಂಗಳೂರಿನ ಜಲನೀತಿಯನ್ನು ಎರಡು ಪದದಲ್ಲಿ ಹೇಳಿದ ಇನ್ನೊಬ್ಬ ತಜ್ಞ ನನಗಂತೂ ಸಿಕ್ಕಿಲ್ಲ.

ಅವತ್ತಿನ ಬೆಳಿಗ್ಗೆ ಉತ್ತರ ‘ಎರಡೂ’ ಅಂತಾಗಿತ್ತು. ನಮ್ಮ ಸಂಪು ಇರೋದು ಬೇಸ್‌ಮೆಂಟಿನಲ್ಲೇ. ಮೋರಿ ನೀರು ಸಂಪಿಗೂ ಇಳಿದು ಒಳಗಿದ್ದ ಕಾವೇರಿ ಕೆಟ್ಟುಹೋಗಿತ್ತು. ಕಣ್ಣ ಮುಂದೆ ಲಕ್ಷಗಟ್ಟಲೆ ಲೀಟರ್, ಹಲ್ಲುಜ್ಜೋಕೆ ಒಂದು ಚೊಂಬಿಲ್ಲ. ಟ್ಯಾಂಕರಿಗೆ ಹೇಳಿದರೆ ನಿಮ್ಮ ರಸ್ತೆಯಲ್ಲಿ ನೀರು ನಿಂತಿದೆ, ಗಾಡಿ ಬರಲ್ಲ ಅಂದರು. ನೀರು ಬರೋದಕ್ಕೆ ನೀರೇ ಅಡ್ಡಿ.

ನಮ್ಮೊಬ್ಬರ ಹಣೆಬರಹ ಇದು ಅಂದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಮುಳುಗಿದ ಹೊತ್ತಿನಲ್ಲೇ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯಲ್ಲಿ ಬೆಂಗಳೂರಿಗೆ ಕಾವೇರಿ ಎತ್ತುವ ಪಂಪ್‌ಹೌಸೂ ಮುಳುಗಿತು. ನೂರು ಕಿಲೋಮೀಟರ್ ದೂರದಿಂದ ನೀರು ಎಳೆದು ತರುವ ಯಂತ್ರ ನೀರೊಳಗೇ ಕೂತಿತು. ಊರಿಗೆ ಊರೇ ನೀರಲ್ಲಿದ್ದಾಗ ನಲ್ಲಿ ಒಣಗಿತ್ತು. ಇಂಥ ಸಮನ್ವಯ ಬೇಕು ಅಂತ ಕೂತು ಯೋಜನೆ ಮಾಡಿದರೂ ಆಗೋದಿಲ್ಲ.

ಕಂಪ್ಲೇಂಟ್ ಕೊಡಲಿಲ್ವಾ ಅಂತ ಕೇಳಬಹುದು. ಕೊಟ್ಟೆ. ರಸ್ತೆ ನಮ್ಮದು, ಮೋರಿ ನಮ್ಮದಲ್ಲ ಅಂದರು ಒಬ್ಬರು. ಮೋರಿ ನಮ್ಮದು, ಆದರೆ ಅದು ಸೇರೋ ರಾಜಕಾಲುವೆ ಬೇರೆ ವಿಭಾಗ ಅಂದರು ಇನ್ನೊಬ್ಬರು. ರಾಜಕಾಲುವೆಯವರು ನೀರು ಯಾವ ಬಣ್ಣ ಇದೆ ಅಂತ ಕೇಳಿದರು. ಕಪ್ಪಗಿದ್ದರೆ ಅದು ಒಳಚರಂಡಿಯದ್ದಂತೆ, ಕೆಂಪಗಿದ್ದರೆ ಮಳೆಯದ್ದಂತೆ. ನಮ್ಮದು ಟೀ ಬಣ್ಣಕ್ಕಿತ್ತು. ಟೀ ಯಾರ ವ್ಯಾಪ್ತಿ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಇದ್ದದ್ದು ಐದಾಗಿದೆ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಇನ್ನು ಮುಂದೆ ನೀರು ಗಡಿ ದಾಟುವ ಮೊದಲು ತಾನು ಯಾವ ಪಾಲಿಕೆಯ ನೀರು ಅಂತ ಒಂದು ಅರ್ಜಿ ಬರೆದಿಟ್ಟುಕೊಂಡರೆ ಒಳ್ಳೆಯದು. ಪಾಪ, ಅದಕ್ಕೆ ಎ ಖಾತಾನೂ ಇಲ್ಲ, ಬಿ ಖಾತಾನೂ ಇಲ್ಲ. ಅದು ಇದ್ದ ಮನೆಗಳನ್ನೆಲ್ಲ ಖಾಲಿ ಮಾಡಿಸಿದ್ದೇವೆ. ಧರ್ಮಾಂಬುಧಿ ಕೆರೆಯಲ್ಲಿ ಈಗ ಮೆಜೆಸ್ಟಿಕ್ ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಹೊರಗೆ ಹಾಕಿದ ಬಾಡಿಗೆದಾರ ಬೇಸ್‌ಮೆಂಟ್ ಹುಡುಕದೆ ಇನ್ನೆಲ್ಲಿಗೆ ಹೋಗಬೇಕು?

ಮಳೆಕೊಯ್ಲು ಅಂತ ಒಂದಿದೆ. 2009ರಿಂದ ನಮ್ಮಂಥ ದೊಡ್ಡ ಸೈಟಿನವರಿಗೆ ಕಡ್ಡಾಯ. ನಮ್ಮಲ್ಲೂ ಇದೆ. ಟೆರೇಸಿನಿಂದ ಒಂದು ನೀಲಿ ಪೈಪು ಬಹಳ ಗಾಂಭೀರ್ಯದಿಂದ ಐದು ಮಹಡಿ ಇಳಿದು ಬರುತ್ತೆ, ಇನ್‌ಸ್ಪೆಕ್ಷನ್‌ಗೆ ಬಂದವರು ಮೆಚ್ಚಿಕೊಂಡು ಫೋಟೋ ತೆಗೆದುಕೊಂಡು ಹೋಗುವಷ್ಟು ಚೆನ್ನಾಗಿ. ನೆಲದಿಂದ ಒಂದಡಿ ಮೇಲೆ ಅದು ಮುಗಿದುಹೋಗುತ್ತೆ. ಅಲ್ಲಿಂದ ನೀರು ರ‍್ಯಾಂಪಿನ ದಾರಿ ತಾನೇ ಹುಡುಕಿಕೊಳ್ಳುತ್ತೆ. ಇಂಗುಗುಂಡಿಯೂ ಇದೆ. ಅದರ ಮೇಲೆ ಚಪ್ಪಡಿ ಹಾಕಿ ಅಧ್ಯಕ್ಷರ ಸ್ಕೂಟರಿಗೆ ಜಾಗ ಮಾಡಿದ್ದೇವೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 30x40 ಅಳತೆಯ ಒಂದು ಚಾವಣಿ ಮೇಲೆ 10 ಸೆಂಟಿಮೀಟರ್ ಮಳೆ ಬಿದ್ದರೆ 11 ಸಾವಿರ ಲೀಟರ್. ಹೆಚ್ಚುಕಮ್ಮಿ ಒಂದು ದೊಡ್ಡ ಟ್ಯಾಂಕರ್. 2024ರಲ್ಲಿ ಜಿಲ್ಲಾಡಳಿತ 12 ಸಾವಿರ ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ ಅಂತ ದರ ಕಟ್ಟಿತ್ತು. ಮೇಲಿನವನು ಡ್ರೈವರ್ ಬಾಟಾ ಕೇಳದೆ, ಯಾವಾಗ ಬರ್ತೀಯ ಅಂತ ಹತ್ತು ಸಲ ಫೋನ್ ಮಾಡಿಸದೆ ಚಾವಣಿಗೇ ತಂದು ಸುರಿದ ಲೋಡನ್ನು ನಾವು ಬೇಸ್‌ಮೆಂಟಿಗೆ ಇಳಿಸಿಕೊಂಡು, ದುಡ್ಡು ಕೊಟ್ಟು ಹೊರಗೆ ಹಾಕಿಸಿ, ಮತ್ತೆ ದುಡ್ಡು ಕೊಟ್ಟು ಒಳಗೆ ತರಿಸಿಕೊಳ್ತೇವೆ. ಮೆಚ್ಚಬೇಕು. ಆರ್ಥಿಕತೆ ಚಲನೆಯಲ್ಲಿರಬೇಕು ಅಂದರೆ ಹೀಗೇ.

ಇಷ್ಟು ಹೊತ್ತು ನಗುನಗುತ್ತಾ ಬರೆದೆ. ಇನ್ನು ಆಗಲ್ಲ.

ಅದೇ 2025ರ ಮೇ 19ರ ಸಂಜೆ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿನ ನೀರು ತೆಗೆಯಲು ಮೋಟಾರು ಹಚ್ಚುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬರು 63 ವರ್ಷದ ನಿವಾಸಿ. ಇನ್ನೊಬ್ಬ ಅಲ್ಲಿ ಕೆಲಸಕ್ಕಿದ್ದವರ ಮಗ. 12 ವರ್ಷ. ಅದಕ್ಕೂ ಎರಡು ವರ್ಷ ಹಿಂದೆ ಮೇ ತಿಂಗಳಲ್ಲೇ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರಿನೊಳಗೆ ಸಿಕ್ಕಿಕೊಂಡು 22 ವರ್ಷದ ಹುಡುಗಿ ಮುಳುಗಿ ಸತ್ತಳು. ವಿಧಾನಸೌಧದಿಂದ ನಡೆದು ಹೋಗಬಹುದಾದ ದೂರ. ಎರಡೂ ಸಲ ಪರಿಹಾರ ಘೋಷಣೆಯಾಯಿತು, ಎರಡೂ ಸಲ ‘ಇನ್ನು ಮುಂದೆ ಹೀಗಾಗದಂತೆ’ ಅಂತ ಶುರುವಾಗುವ ವಾಕ್ಯ ಕೇಳಿದೆವು. ಆ ವಾಕ್ಯಕ್ಕೂ ಒಂದು ನಕ್ಷತ್ರ ಇರಬೇಕು. ಪ್ರತಿ ವರ್ಷ ತಪ್ಪದೆ ಬರುತ್ತೆ.

ಹನ್ನೆರಡು ವರ್ಷದ ಹುಡುಗ ಬೇಸ್‌ಮೆಂಟಿನಲ್ಲಿ ಏನು ಮಾಡುತ್ತಿದ್ದ ಅಂತ ಕೇಳಬೇಡಿ. ನಮ್ಮ ಊರಿನಲ್ಲಿ ಬೇಸ್‌ಮೆಂಟ್ ಅಂದರೆ ಮೇಲಿರುವವರಿಗೆ ಕಾರಿನ ಜಾಗ. ಕೆಳಗಿರುವವರಿಗೆ ಅದು ಮನೆ. ನಮ್ಮಲ್ಲೂ ಅಷ್ಟೆ. ಜನರೇಟರ್ ಪಕ್ಕದ ಹತ್ತಡಿ ರೂಮಿನಲ್ಲಿ ನಮ್ಮ ಯಜಮಾನ್ರು, ಅವರ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು ಇದ್ದಾರೆ. ಬಿಳಿ ಕಾರಿಗೆ ಇನ್ಶೂರೆನ್ಸ್ ಇತ್ತು, ಕ್ರೇನ್ ಬಂತು, ಸರ್ವೇಯರ್ ಬಂದರು. ಯಜಮಾನ್ರ ಜೋಳದ ಚೀಲ ನೆನೆದು ಮೊಳಕೆ ಒಡೆಯಿತು. ಮಗಳ ನೋಟ್‌ಬುಕ್ಕುಗಳನ್ನು ಟೆರೇಸಿನಲ್ಲಿ ಬಟ್ಟೆ ತಂತಿಗೆ ಕ್ಲಿಪ್ ಹಾಕಿ ಒಣಗಿಸಿದರು. ನೀಲಿ ಶಾಯಿ ಹರಡಿ ಗಣಿತದ ಲೆಕ್ಕವೆಲ್ಲ ಮೋಡದಂತಾಗಿತ್ತು. ನಾವು ಮೀಟಿಂಗ್ ಕರೆದು ಹೊಸ ಪಂಪು ಖರೀದಿಗೆ ಫ್ಲ್ಯಾಟಿಗೆ ಇಷ್ಟು ಅಂತ ಹಾಕಿಕೊಂಡೆವು. ರೂಮನ್ನು ಮೇಲಕ್ಕೆ ತರೋಣ ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಬೋಂಡಾ ತಿಂದು ಬಂದೆ.

ಯಜಮಾನ್ರು ತಮ್ಮ ವ್ಯವಸ್ಥೆ ತಾವೇ ಮಾಡಿಕೊಂಡರು. ಮಂಚದ ನಾಲ್ಕು ಕಾಲಿಗೂ ಮೂರು ಮೂರು ಇಟ್ಟಿಗೆ ಏರಿಸಿದರು. ಟ್ರಂಕು ಮಂಚದ ಮೇಲೆ, ಜೋಳದ ಚೀಲ ಟ್ರಂಕಿನ ಮೇಲೆ, ಎಲ್ಲದರ ಮೇಲೆ ಮಗಳ ಸ್ಕೂಲ್ ಬ್ಯಾಗು. ಮೊನ್ನೆ ಸೆಕ್ರೆಟರಿಯವರು ಹೊಸ ಪಂಪು ಎಲ್ಲಿ ಕೂರಿಸೋದು ಅಂತ ನೋಡಲು ಕೆಳಗೆ ಬಂದಿದ್ದರು. ರೂಮಿನೊಳಗೆ ಇಣುಕಿ, ಮಂಚ ನೋಡಿ, ಒಂದು ನಿಮಿಷ ಸುಮ್ಮನೆ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: ‘ಆ ಇಟ್ಟಿಗೆ ಅಸೋಸಿಯೇಷನ್‌ದಲ್ವಾ?’